ಗೀಜಗನ ಮನೆಯಲ್ಲಿ ಗಿಡುಗ

ಪಿಗ್ಮಿ ಫಾಲ್ಕನ್ ಎಂಬ ಪುಟ್ಟ ಗಿಡುಗದ ಮಾತು ಬಂದಾಗಲೆಲ್ಲ ಒಂದು ಕಥೆ ತಪ್ಪದೆ ಕೇಳಿಬರುತ್ತದೆ. ಗೀಜಗಗಳ ಗೂಡಿನಲ್ಲಿ ಬಿಟ್ಟಿಯಾಗಿ ಉಳಿದುಕೊಳ್ಳುವ ಇದು ಬಾಡಿಗೆಗೆ ಬದಲಾಗಿ ಹಾವುಗಳನ್ನು ಓಡಿಸಿಕೊಡುತ್ತದಂತೆ. ಕೇಳಲು ಚೆನ್ನಾಗಿದೆ, ಪ್ರವಾಸಿ ಮಾರ್ಗದರ್ಶಿಗಳಿಗೂ ಪ್ರಿಯ. ನನಗೆ ಮಾತ್ರ ಅದರಲ್ಲಿ ನಂಬಿಕೆ ಕಡಿಮೆ.

ಮೊದಲು ಹಕ್ಕಿಯ ಗಾತ್ರ ನೋಡೋಣ. ಉದ್ದ ಸುಮಾರು 20 ಸೆಂಟಿಮೀಟರ್, ಅಂದರೆ ನಮ್ಮ ಪಿಕಳಾರದಷ್ಟು. ತೂಕ 60 ಗ್ರಾಂ ಆಸುಪಾಸು. ಆಫ್ರಿಕಾದ ಹಗಲು ಬೇಟೆಗಾರ ಹಕ್ಕಿಗಳಲ್ಲಿ ಇದಕ್ಕಿಂತ ಚಿಕ್ಕದಿಲ್ಲ. ಬೂದು ಬೆನ್ನು, ಬಿಳಿ ಹೊಟ್ಟೆ, ಕಣ್ಣಿನ ಸುತ್ತ ಕೆಂಪು. ಹೆಣ್ಣಿಗಾದರೆ ಬೆನ್ನಿನ ಮೇಲೆ ಕಂದುಗೆಂಪು ಪಟ್ಟೆಯೂ ಇರುತ್ತದೆ. ಒಣಕೊಂಬೆಯ ತುದಿಯಲ್ಲಿ ಬಾಲ ಕುಣಿಸುತ್ತ ಕುಳಿತಿದ್ದರೆ ಹೊಸಬರು ಕಳಿಂಗ (ಶ್ರೈಕ್) ಹಕ್ಕಿಯೆಂದೇ ಬರೆದುಕೊಳ್ಳುತ್ತಾರೆ. ಅಲ್ಲಿಂದಲೇ ನೆಲ ನೋಡುತ್ತಿದ್ದು, ಹಲ್ಲಿಯೋ ಮಿಡತೆಯೋ ಅಲುಗಿದರೆ ಎರಗುತ್ತದೆ.

ಇದರ ನೆಲೆ ಎರಡು ತುಂಡು. ಒಂದು ಇಥಿಯೋಪಿಯಾ, ಸೊಮಾಲಿಯಾದಿಂದ ಕೆನ್ಯಾ, ತಾಂಜಾನಿಯಾವರೆಗಿನ ಒಣನಾಡು. ಅಲ್ಲಿ ಬಿಳಿತಲೆಯ ಬಫಲೋ ವೀವರ್ ಎಂಬ ಹಕ್ಕಿ ಕಟ್ಟಿದ ಮುಳ್ಳುಗೂಡುಗಳಲ್ಲಿ ವಾಸ. ಇನ್ನೊಂದು ನಮೀಬಿಯಾ, ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾದ ವಾಯವ್ಯ ಭಾಗ. ಇಲ್ಲಿ ಮನೆಯೊಡೆಯ ಸೋಷಿಯಬಲ್ ವೀವರ್ ಎಂಬ ಗೀಜಗ. ಕ್ಯಾಮೆಲ್‌ತಾರ್ನ್ ಎಂಬ ಜಾಲಿ ಜಾತಿಯ ಮರದಲ್ಲಿ ಅದು ತಲೆಮಾರುಗಳ ಕಾಲ ಹುಲ್ಲು ಸೇರಿಸುತ್ತ ಹೋಗುವ ಗೂಡು ಬಣವೆಯಷ್ಟು ದೊಡ್ಡದು, ಒಳಗೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮಿಕ್ಕಿ ಕೋಣೆಗಳು.

ಅಷ್ಟು ಕೋಣೆಗಳಲ್ಲಿ ಗಿಡುಗದ್ದು ಯಾವುದೆಂದು ತಿಳಿಯಲು ಗೂಡಿನ ಕೆಳಗೆ ನಿಂತು ಮೇಲೆ ನೋಡಿದರೆ ಸಾಕು. ಕೋಣೆಗಳ ಬಾಯಿ ನೆಲದ ಕಡೆಗಿರುತ್ತದೆ. ಗೀಜಗನ ಬಾಗಿಲು ಹುಲ್ಲಿನದೇ ಬಣ್ಣ. ಗಿಡುಗದ ಬಾಗಿಲಿನ ಅಂಚಿಗೆ ಸುಣ್ಣ ಬಳಿದಂತೆ ಹಿಕ್ಕೆ ಮೆತ್ತಿಕೊಂಡಿರುತ್ತದೆ. ನಾವು ಸಮೀಕ್ಷೆಗೆ ಹೋದಾಗ ಹಕ್ಕಿಗಿಂತ ಮೊದಲು ಹುಡುಕುವುದು ಈ ಬಿಳಿ ಬಳೆಯನ್ನೇ.

ಗಿಡುಗಕ್ಕೆ ಆ ಕೋಣೆಯಿಂದ ಆಗುವ ಲಾಭದಲ್ಲಿ ಸಂಶಯವಿಲ್ಲ. ಫಾಲ್ಕನ್ ಕುಲದವು ಗೂಡು ಕಟ್ಟುವುದಿಲ್ಲ, ಇದೂ ಒಂದು ಕಡ್ಡಿ ತರುವುದಿಲ್ಲ. ಅಲ್ಲೇ ಎರಡರಿಂದ ನಾಲ್ಕು ಮೊಟ್ಟೆ, ಸುಮಾರು ನಾಲ್ಕು ವಾರ ಕಾವು, ಮರಿ ಹಾರಲು ಇನ್ನೊಂದು ತಿಂಗಳು. ಮರಿ ಸಾಕಲು ಜೋಡಿಯ ಜೊತೆ ಬೇರೆ ವಯಸ್ಕ ಹಕ್ಕಿಗಳೂ ಕೈಜೋಡಿಸುವುದುಂಟು. ಕಲಹಾರಿ ಮರುಭೂಮಿಯ ಚಳಿಗಾಲದ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗಲೂ ದಪ್ಪ ಹುಲ್ಲಿನೊಳಗೆ ಬೆಚ್ಚಗಿರುತ್ತದೆ. ಹಾಗಾಗಿ ವರ್ಷವಿಡೀ ಮಲಗುವುದೂ ಅಲ್ಲೇ.

ಗೀಜಗನಿಗೇನು ಸಿಕ್ಕಿತು? ಗೂಡಿಗೆ ನುಗ್ಗುವವು ಕೇಪ್ ನಾಗರ, ಬೂಮ್‌ಸ್ಲ್ಯಾಂಗ್ ಎಂಬ ಹಾವುಗಳು. ಒಂದರ ಹಿಂದೊಂದು ಕೋಣೆಗೆ ತಲೆ ಹಾಕಿ ಮರಿಗಳನ್ನು ನುಂಗುತ್ತ ಹೋಗುತ್ತವೆ. ಅರವತ್ತು ಗ್ರಾಂ ಹಕ್ಕಿ ಅವನ್ನು ತಡೆದೀತೆ? ಸಾಲದ್ದಕ್ಕೆ ಗಿಡುಗವೂ ಆಗಾಗ ಗೀಜಗನ ಮರಿಗಳನ್ನು ಹೊತ್ತೊಯ್ಯುತ್ತದೆ, ಅಪರೂಪಕ್ಕೆ ದೊಡ್ಡವನ್ನೂ. ಆದರೂ ಪಕ್ಕದ ಕೋಣೆಯ ಗೀಜಗಗಳು ಬಹುಪಾಲು ಸಮಯ ತಮ್ಮ ಪಾಡಿಗೆ ಹುಲ್ಲು ಸಿಕ್ಕಿಸುತ್ತಿರುತ್ತವೆ. ಒಪ್ಪಂದ ಅನ್ನುವುದಕ್ಕಿಂತ, ಓಡಿಸಲಾಗದ ನೆರೆಯವರನ್ನು ಸಹಿಸಿಕೊಂಡಿವೆ ಅನ್ನುವುದೇ ನನಗೆ ಸರಿ ಕಾಣುತ್ತದೆ.

ಇದರ ಏಷ್ಯಾದ ಬಂಧುಗಳಾದ ಫಾಲ್ಕೊನೆಟ್‌ಗಳು ನಮ್ಮ ಹಿಮಾಲಯದ ತಪ್ಪಲಿನಲ್ಲೂ ಇವೆ. ಅವುಗಳದೂ ಇದೇ ಬುದ್ಧಿ, ಮರಕುಟಿಗ ಕೊರೆದು ಬಿಟ್ಟ ಪೊಟರೆಯಲ್ಲಿ ಸಂಸಾರ. ವ್ಯತ್ಯಾಸವೆಂದರೆ ಅವು ಖಾಲಿ ಮನೆ ಹುಡುಕುತ್ತವೆ, ಇದು ಒಕ್ಕಲಿರುವ ಮನೆಗೇ ಸೇರುತ್ತದೆ. ಹೀಗಾಗಿ ದಕ್ಷಿಣದಲ್ಲಿ ಗೀಜಗನಿಲ್ಲದ ಕಡೆ ಈ ಗಿಡುಗವೂ ಅಪರೂಪ. ಈಗ ಗೀಜಗ ವಿದ್ಯುತ್ ಕಂಬಗಳ ಮೇಲೂ ಬಣವೆ ಹೊರಿಸುತ್ತಿದೆ, ಮಳೆಗೆ ನೆಂದ ಹುಲ್ಲು ಶಾರ್ಟ್ ಸರ್ಕ್ಯೂಟಿಗೆ ಕಾರಣವಾಗುತ್ತದೆ, ನಿರ್ವಹಣೆಯವರು ಬಂದು ಗೂಡು ಕೆಡವುತ್ತಾರೆ. ಗೀಜಗ ಮರುದಿನವೇ ಮತ್ತೆ ಹುಲ್ಲು ತರಲು ಶುರು ಮಾಡಬಹುದು. ಗಿಡುಗ ಆ ಕೆಲಸ ಮುಗಿಯುವವರೆಗೆ ಕಾಯಬೇಕು ಅಥವಾ ಬೇರೆ ಗೂಡು ಹುಡುಕಬೇಕು.