ರೂಟರ್‌ನಲ್ಲಿ ಪೋರ್ಟ್ ತೆರೆಯುವ ಮೊದಲು ಎರಡು ಸಂಖ್ಯೆ ನೋಡಿ

ಮನೆಯ ಕಂಪ್ಯೂಟರಿಗೆ ಜೆಲ್ಲಿಫಿನ್ (ಸ್ವಂತ ವೀಡಿಯೊಗಳನ್ನು ಬೇರೆ ಸಾಧನಗಳಲ್ಲಿ ನೋಡಲು ಕೊಡುವ ತಂತ್ರಾಂಶ) ಹಾಕಿ, ಮದುವೆ ವೀಡಿಯೊ, ಊರಿನ ಯಕ್ಷಗಾನದ ರೆಕಾರ್ಡಿಂಗ್ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿಟ್ಟವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮನೆಯೊಳಗೆ ಚೆನ್ನಾಗಿ ಬರುತ್ತೆ ಸಾರ್, ಹೊರಗೆ ಹೋದ್ರೆ ಬರಲ್ಲ. 8096 ಪೋರ್ಟ್ ಫಾರ್ವರ್ಡ್ ಮಾಡಿದೀನಿ, ಡೈನಾಮಿಕ್ ಡಿಎನ್ಎಸ್ ಹಾಕಿದೀನಿ, ಫೈರ್‌ವಾಲ್ ಕೂಡ ಆಫ್ ಮಾಡಿದೀನಿ."

8096 ಎಂದರೆ ಜೆಲ್ಲಿಫಿನ್‌ನ ಬಾಗಿಲ ಸಂಖ್ಯೆ, ಅಂದರೆ ಪೋರ್ಟ್. ಹೊರಗಿನಿಂದ ಆ ಬಾಗಿಲಿಗೆ ಬರುವ ಸಂಪರ್ಕದ ಕರೆಯನ್ನು ಕಂಪ್ಯೂಟರಿಗೆ ಕಳಿಸುವಂತೆ ರೂಟರಿಗೆ ಹೇಳಿಡುವುದು ಪೋರ್ಟ್ ಫಾರ್ವರ್ಡ್. ಬದಲಾಗುವ ಐಪಿ ವಿಳಾಸಕ್ಕೆ ಒಂದು ಕಾಯಂ ಹೆಸರು ಕೊಡುವುದು ಡೈನಾಮಿಕ್ ಡಿಎನ್ಎಸ್. ಮೊದಲು ಆ ಫೈರ್‌ವಾಲ್ ಮತ್ತೆ ಆನ್ ಮಾಡಿ. ಆಮೇಲೆ ಎರಡು ಸಂಖ್ಯೆ ಬರೆದುಕೊಳ್ಳಿ. ಮೊದಲನೆಯದು, ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಎಂದು ಕಾಣುವ, ರೂಟರಿನ ಹೊರಬದಿಯ ವಿಳಾಸ. ಎರಡನೆಯದು, ಅದೇ ವೈಫೈನಲ್ಲಿ ಕೂತು, ವಿಪಿಎನ್ ಇದ್ದರೆ ಆಫ್ ಮಾಡಿ, ಐಪಿ ತೋರಿಸುವ ಯಾವುದಾದರೂ ಜಾಲತಾಣ ತೆರೆದಾಗ ಸಿಗುವ ಐಪಿವಿ4 ವಿಳಾಸ (ನಡುವೆ ಚುಕ್ಕಿಯಿರುವ ನಾಲ್ಕು ಸಂಖ್ಯೆ). ಎರಡೂ ಒಂದೇ ಆಗಿದ್ದರೆ ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡಬಲ್ಲದು. ಬೇರೆಬೇರೆ ಇದ್ದರೆ, ನಿಮ್ಮ ರೂಟರಿನಲ್ಲಿ ಏನೇ ಬದಲಿಸಿದರೂ ಆ ವಿಳಾಸಕ್ಕೆ ಬಂದ ಹೊರಗಿನ ಕರೆ ಒಳಗೆ ಬರುವುದಿಲ್ಲ. ಇದನ್ನು ಹೇಳಿದ ಮೇಲೂ ಜನ ಪೋರ್ಟ್ ಸಂಖ್ಯೆ ಬದಲಿಸುತ್ತಾರೆ, ಹೊಸ ರೂಟರ್ ಕೊಳ್ಳುತ್ತಾರೆ. ಸುಮ್ಮನೆ ದುಡ್ಡು ದಂಡ. ಅದಕ್ಕೇ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ಐಪಿವಿ4 ವಿಳಾಸಗಳು ಸಾಲದೆ ಬಂದಾಗ ಇಂಟರ್ನೆಟ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚತೊಡಗಿದವು. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ವಠಾರಕ್ಕೆಲ್ಲ ಒಂದೇ ವಿಳಾಸ, ಗೇಟಿನಲ್ಲಿ ಕಾವಲುಗಾರ ಇದ್ದ ಹಾಗೆ. ನೀವು ಹೊರಗೆ ಬರೆದ ಪತ್ರದ ಉತ್ತರ ಬಂದರೆ, ಅದು ಯಾರ ಮನೆಯದು ಎಂದು ಅವನಿಗೆ ನೆನಪಿರುತ್ತದೆ. ತಾನಾಗಿ ಬಂದ ಅಪರಿಚಿತನನ್ನು ಯಾವ ಮನೆಗೆ ಕಳಿಸಬೇಕೋ ಅವನಿಗೆ ತಿಳಿಯದು, ಗೇಟಿನಿಂದಲೇ ವಾಪಸ್ ಕಳಿಸುತ್ತಾನೆ. ನೀವು ಪೋರ್ಟ್ ತೆರೆದಿರುವುದು ನಿಮ್ಮ ಮನೆಯ ರೂಟರಿನಲ್ಲಿ. ಕರೆ ನಿಂತಿರುವುದು ಕಂಪನಿಯ ಕಡೆಯ ಉಪಕರಣದಲ್ಲಿ. ಡೈನಾಮಿಕ್ ಡಿಎನ್ಎಸ್ ಕೂಡ ಇದಕ್ಕೆ ಮದ್ದಲ್ಲ. ಅದು ಆ ಹಂಚಿಕೊಂಡ ವಿಳಾಸಕ್ಕೇ ಒಂದು ಹೆಸರು ಕೊಡುತ್ತದೆ, ಅಷ್ಟೆ.

ಇದಕ್ಕೆಂದೇ 2012ರಲ್ಲಿ ಮೀಸಲಿಟ್ಟ ವಿಳಾಸಗಳಿವೆ: 100.64ರಿಂದ ಶುರುವಾಗಿ 100.127ರವರೆಗೆ. ವ್ಯಾನ್ ಐಪಿ ಈ ಸಾಲಿನಲ್ಲಿದ್ದರೆ ಬೇರೆ ಪುರಾವೆ ಬೇಡ. ಕೆಲವು ಕಂಪನಿಗಳು 10ರಿಂದ ಶುರುವಾಗುವ ವಿಳಾಸವನ್ನೂ ಕೊಡುತ್ತವೆ, ಫಲ ಒಂದೇ. ವ್ಯಾನ್ ಐಪಿ 192.168 ಎಂದು ಶುರುವಾದರೆ ಮಾತ್ರ ಸ್ವಲ್ಪ ನಿಲ್ಲಿ. ಬಹುಶಃ ಕಂಪನಿ ಕೊಟ್ಟ ಫೈಬರ್ ಡಬ್ಬಿಯ ಹಿಂದೆ ನೀವು ಸ್ವಂತ ರೂಟರ್ ಇಟ್ಟಿದ್ದೀರಿ. ಆಗ ನೋಡಬೇಕಾದದ್ದು ಆ ಡಬ್ಬಿಯ ವ್ಯಾನ್ ಐಪಿ.

ಹಾಗಾದರೆ ಮಾಡುವುದೇನು? ಕಂಪನಿಯಿಂದ ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಕೊಳ್ಳಬಹುದು, ಎಲ್ಲ ಪ್ಲಾನಿಗೂ ಸಿಗುವುದಿಲ್ಲ. ವಿಳಾಸಗಳ ಕೊರತೆಯಿಲ್ಲದ ಹೊಸ ಪದ್ಧತಿ ಐಪಿವಿ6 ಇದ್ದರೆ ಅದರಲ್ಲಿ ಈ ಹಂಚಿಕೆಯ ತೊಡಕಿಲ್ಲ. ಆದರೆ ರೂಟರಿನ ಐಪಿವಿ6 ಫೈರ್‌ವಾಲ್‌ನಲ್ಲಿ ದಾರಿ ಬಿಡಬೇಕು, ನೋಡುವವರ ಕಡೆಯೂ ಐಪಿವಿ6 ಇರಬೇಕು. ಸಿಕ್ಕರೂ ಬರೀ 8096 ಅನ್ನು ನೇರವಾಗಿ ಊರಿಗೆಲ್ಲ ತೆರೆದಿಡುವುದನ್ನು ನಾನು ಒಪ್ಪುವುದಿಲ್ಲ. ಆ ದಾರಿಯಲ್ಲಿ ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ ಹೋಗುತ್ತದೆ.

ಮನೆಮಂದಿಗೆ ನಾನು ಹೇಳುವುದು, ದೂರದ ಸಾಧನಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ತಂತ್ರಾಂಶ ಟೇಲ್‌ಸ್ಕೇಲ್. ಕಂಪ್ಯೂಟರಿಗೂ ಫೋನಿಗೂ ಹಾಕಿ, ಎರಡರಲ್ಲೂ ಒಂದೇ ಖಾತೆಯಿಂದ ಲಾಗಿನ್ ಆಗಿ. ಎರಡೂ ಕಡೆಯವರು ಒಳಗಿನಿಂದ ಹೊರಗೆ ಕರೆ ಮಾಡಿ ಸಂಧಿಸುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ, ಒಂದು ಪೋರ್ಟನ್ನೂ ತೆರೆಯಬೇಕಿಲ್ಲ. ಕಂಪ್ಯೂಟರಿಗೆ 100ರಿಂದ ಶುರುವಾಗುವ ಒಂದು ವಿಳಾಸ ಸಿಗುತ್ತದೆ. ಜೆಲ್ಲಿಫಿನ್ ಆ್ಯಪಿನಲ್ಲಿ ಆ ವಿಳಾಸ ಹಾಕಿ, ಕೋಲನ್ ಹಾಕಿ, 8096 ಬರೆಯಿರಿ. ಆ 100 ಕಂಡು ಗಾಬರಿ ಬೇಡ. ಟೇಲ್‌ಸ್ಕೇಲ್ ಅದೇ ಮೀಸಲು ಸಾಲನ್ನು ಬಳಸಿಕೊಳ್ಳುತ್ತದೆ, ವ್ಯಾನ್ ಐಪಿಗೂ ಇದಕ್ಕೂ ಸಂಬಂಧವಿಲ್ಲ.

ಇಲ್ಲಿ ಎರಡು ಕಡೆ ಕೈಕೊಡುತ್ತದೆ. ಟೇಲ್‌ಸ್ಕೇಲ್‌ನ ಕೀ (ಸಾಧನವನ್ನು ಜಾಲಕ್ಕೆ ಗುರುತಿಸುವ ಲಾಗಿನ್ ಗುರುತು) ಸಾಮಾನ್ಯವಾಗಿ 180 ದಿನಕ್ಕೆ ಮುಗಿಯುತ್ತದೆ. ಆರು ತಿಂಗಳು ಸರಿಯಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಊರಲ್ಲಿರುವ ಅಪ್ಪ ಅಮ್ಮನಿಗೆ ಫೋನಿನಲ್ಲಿ ಲಾಗಿನ್ ಹೇಳಿಕೊಡುವ ಪಾಡು ಬರುತ್ತದೆ. ನಿರ್ವಹಣಾ ಪುಟದಲ್ಲಿ ಆ ಕಂಪ್ಯೂಟರಿಗೆ ಮಾತ್ರ ಕೀ ಎಕ್ಸ್‌ಪೈರಿ ನಿಲ್ಲಿಸಿಬಿಡಿ. ಇನ್ನೊಂದು, ವಿಂಡೋಸ್‌ನಲ್ಲಿ ‘ರನ್ ಅನ್‌ಅಟೆಂಡೆಡ್’ ಆಯ್ಕೆ ಹಾಕದಿದ್ದರೆ ಯಾರಾದರೂ ಲಾಗಿನ್ ಆಗುವವರೆಗೆ ಟೇಲ್‌ಸ್ಕೇಲ್ ಏಳುವುದಿಲ್ಲ.

ಜೆಲ್ಲಿಫಿನ್ ಬದಲು ಅದೇ ಬಗೆಯ ಪ್ಲೆಕ್ಸ್ ಬಳಸುವವರಿಗೆ ಒಂದು ಮಾತು. 2025ರ ಏಪ್ರಿಲ್ ಕೊನೆಯಿಂದ ಮನೆಯಾಚೆ ಸ್ವಂತ ವೀಡಿಯೊ ನೋಡಲು ಹಣ ಕೊಟ್ಟ ಪಾಸ್ ಬೇಕಾಗಿದೆ. ಅದನ್ನು ನೆಟ್‌ವರ್ಕ್ ದೋಷವೆಂದುಕೊಂಡು ರೂಟರ್ ಬಿಚ್ಚಬೇಡಿ.

ಸಂಪರ್ಕ ಸಿಕ್ಕಿಯೂ ಚಿತ್ರ ನಿಂತು ನಿಂತು ಬಂದರೆ ಮನೆಯ ಅಪ್‌ಲೋಡ್ ವೇಗ ನೋಡಿ. ಡೌನ್‌ಲೋಡ್ ಎಷ್ಟಿದ್ದರೇನು, ಇಲ್ಲಿ ಕಳಿಸುತ್ತಿರುವುದು ನಿಮ್ಮ ಮನೆ. 1080ಪಿ ಚಿತ್ರಕ್ಕೆ 8 ಎಂಬಿಪಿಎಸ್ ಮಿತಿ ಹಾಕಿದರೆ ಸಾಮಾನ್ಯವಾಗಿ ಸಾಕು. ಆ ಲೆಕ್ಕದಲ್ಲಿ ಗಂಟೆಗೆ 3.6 ಜಿಬಿ ಖರ್ಚಾಗುತ್ತದೆ, ಮೊಬೈಲ್ ಡೇಟಾದಲ್ಲಿ ನೋಡುವವರು ಗಮನಿಸಿ. ಹೀಗೆ ಇಳಿಸಿ ಕಳಿಸಲು ಕಂಪ್ಯೂಟರ್ ಚಿತ್ರವನ್ನು ಓಡುತ್ತಿರುವಾಗಲೇ ಹೊಸದಾಗಿ ಎನ್‌ಕೋಡ್ ಮಾಡಬೇಕು. ಇಂಟೆಲ್ ಗ್ರಾಫಿಕ್ಸ್ ಇದ್ದರೆ ಜೆಲ್ಲಿಫಿನ್ ಪ್ಲೇಬ್ಯಾಕ್ ಸೆಟ್ಟಿಂಗಿನಲ್ಲಿ ಆ ಕೆಲಸವನ್ನು ಗ್ರಾಫಿಕ್ಸಿಗೆ ವಹಿಸುವ ಕ್ವಿಕ್ ಸಿಂಕ್ ಆಯ್ದುಕೊಳ್ಳಿ, ಇಲ್ಲದಿದ್ದರೆ ಪ್ರೊಸೆಸರ್ ಒದ್ದಾಡುತ್ತದೆ. ಬ್ಲೂರೇಯಿಂದ ಬಂದ, ಚಿತ್ರರೂಪದ ಸಬ್‌ಟೈಟಲ್ ಹಾಕಿದಾಗಲೂ ಹಲವು ಸಾಧನಗಳಲ್ಲಿ ಇದೇ ಹೊರೆ ಬೀಳುತ್ತದೆ. ಸಬ್‌ಟೈಟಲ್ ತೆಗೆದ ಕೂಡಲೇ ಸರಾಗವಾಗಿ ಓಡಿದರೆ ಕಾರಣ ಅದೇ ಎಂದು ತಿಳಿಯಿರಿ. ಟೇಲ್‌ಸ್ಕೇಲ್ ಸ್ಟೇಟಸ್ ಆಜ್ಞೆಯಲ್ಲಿ ‘ಡೈರೆಕ್ಟ್’ ಬದಲು ‘ರಿಲೇ’ ಎಂದು ಕಂಡರೆ, ದತ್ತಾಂಶ ಮಧ್ಯದ ಸರ್ವರ್ ಸುತ್ತಿ ಬರುತ್ತಿದೆ. ಅಲ್ಲಿ ಹೆಚ್ಚಿನ ವೇಗ ನಿರೀಕ್ಷಿಸಬಾರದು.

ಇದನ್ನೆಲ್ಲ ಪರೀಕ್ಷಿಸುವಾಗ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲೇ ನೋಡಿ. ಮನೆಯ ವೈಫೈನಲ್ಲಿ ಬಂದದ್ದು ಪರೀಕ್ಷೆಯಲ್ಲ. ಊರು ಬಿಡುವ ಮುನ್ನ ಕಂಪ್ಯೂಟರಿನ ಸ್ಲೀಪ್ ‘ನೆವರ್’ ಮಾಡಿ, ಫೈಬರ್ ಡಬ್ಬಿಗೂ ಯುಪಿಎಸ್ ಕೊಡಿ. ಡೆಸ್ಕ್‌ಟಾಪ್ ಆಗಿದ್ದರೆ ಕರೆಂಟ್ ಮರಳಿದಾಗ ತಾನೇ ಆನ್ ಆಗುವ ಆಯ್ಕೆ ಬಯೋಸ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಹಾಕಿ, ಪ್ಲಗ್ ಒಮ್ಮೆ ಕಿತ್ತು ಚುಚ್ಚಿ, ಯಾರೂ ಮುಟ್ಟದೆ ಫೋನಿನಲ್ಲಿ ಚಿತ್ರ ಬರುವವರೆಗೆ ಕಾದು ನೋಡಿ.