ಡಿಸ್ಕ್ ಉಬ್ಬಿದೆ ಎಂದು ಮಂಚ ಹಿಡಿಯಬೇಡಿ

ಬೆನ್ನುನೋವೆಂದು ಬರುವವರು ಕೂರುವ ಮೊದಲೇ ಎಂಆರ್‌ಐ ವರದಿ ಮುಂದಿಡುತ್ತಾರೆ. ‘ಡಿಸ್ಕ್ ಉಬ್ಬಿದೆಯಂತೆ, ಇನ್ನು ಬಗ್ಗಲೇಬಾರದಂತೆ.’ ಡಿಸ್ಕ್ ಎಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಹಾಗೆ ಹೇಳಿದವರು ಯಾರು ಎಂದರೆ ಪಕ್ಕದ ಮನೆಯವರು, ಇಲ್ಲವೇ ಯೂಟ್ಯೂಬ್. ಫಿಸಿಯೋಥೆರಪಿಸ್ಟ್ ಆದ ನನಗೆ ರೇಗುವುದು ಇಲ್ಲೇ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಸ್ಕ್ಯಾನ್‌ಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೊಂದು 2015ರಲ್ಲಿ ಪ್ರಕಟವಾಯಿತು. ಐವತ್ತರ ವಯಸ್ಸಿನವರಲ್ಲಿ ಸುಮಾರು ಶೇ 60ರಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು!

ಮೂರು ತಿಂಗಳು ದಾಟಿದ ನೋವಿನಲ್ಲಿ ನಾನು ಡಿಸ್ಕ್‌ನಷ್ಟೇ ಗಮನವಿಟ್ಟು ನೋಡುವುದು ಭಯ, ನಿದ್ದೆ, ಬೇಸರಗಳನ್ನು. ಹಾಗೆಂದ ಕೂಡಲೇ, ‘ಅಂದರೆ ನನ್ನದು ಸುಳ್ಳು ನೋವೇ?’ ಎಂದು ಕಣ್ಣು ತುಂಬಿಕೊಳ್ಳುತ್ತಾರೆ. ಖಂಡಿತ ಅಲ್ಲ. ಮತ್ತೆ ಹೇಳುತ್ತೇನೆ, ನೋವು ನಿಜ. ಹೆದರಿದಾಗ ಸೊಂಟದ ಸ್ನಾಯುಗಳು ಬಿಗಿಯುವುದೂ ನಿಜ, ನಿದ್ದೆಗೆಟ್ಟ ಮರುದಿನ ಅದೇ ನೋವು ಇಮ್ಮಡಿ ಎನ್ನಿಸುವುದೂ ನಿಜ. ನೋವಾದೀತೆಂದು ಚಲನೆ ಬಿಟ್ಟರೆ ಸ್ನಾಯು ಸೋಲುತ್ತದೆ. ಸೋತ ಸ್ನಾಯು ಸಣ್ಣ ಕೆಲಸಕ್ಕೂ ನೋಯುತ್ತದೆ, ಆಗ ಭಯ ಇನ್ನಷ್ಟು ಬೇರೂರುತ್ತದೆ.

ಮೊನ್ನೆ ಒಬ್ಬ ತಾಯಿಗೆ ನೆಲದ ಮೇಲಿನ ಪೆನ್ನು ಎತ್ತಿಕೊಡಿ ಎಂದೆ. ಉಸಿರು ಬಿಗಿಹಿಡಿದು, ಮೇಜಿನ ಅಂಚು ಹಿಡಿದು, ಬೆನ್ನು ಚೂರೂ ಬಾಗದಂತೆ ಮಂಡಿಯೂರಿದರು. ಆಮೇಲೆ ಕುರ್ಚಿಯಲ್ಲಿ ಕೂತು ಮಾತಾಡುತ್ತಲೇ ಬಗ್ಗಿ ಕಾಲುಂಗುರ ಸರಿಪಡಿಸಿಕೊಂಡರು. ಅದೇ ಬೆನ್ನು, ಪೆನ್ನು ಎತ್ತಲು ಬೇಕಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ ಬಾಗು. ಅವರು ನಾಟಕವಾಡುತ್ತಿರಲಿಲ್ಲ, ದೇಹ ಒಂದು ಭಂಗಿಗೆ ಮಾತ್ರ ಹೆದರುವುದನ್ನು ಕಲಿತಿತ್ತು. ಆ ಭಯಕ್ಕೇ ಅವರು ರಂಗೋಲಿ ಬಿಟ್ಟಿದ್ದರು, ಬಸ್ಸು ಹತ್ತುವುದನ್ನು ಬಿಟ್ಟಿದ್ದರು, ತಂಗಿಯ ಮಗಳ ಮದುವೆಗೂ ಹೋಗಿರಲಿಲ್ಲ. ನೋವಿಗಿಂತ ಈ ಒಂಟಿತನ ಅವರನ್ನು ಹೆಚ್ಚು ಹಣ್ಣು ಮಾಡಿತ್ತು.

ಎಲ್ಲ ಬೆನ್ನುನೋವಿಗೂ ಈ ಮಾತು ಅನ್ವಯಿಸುವುದಿಲ್ಲ. ಕಾಲಿನ ಬಲ ಕುಗ್ಗಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅವಿಲ್ಲದಿದ್ದರೆ ಬಿಟ್ಟ ಕೆಲಸಗಳಿಗೆ ಮೆಲ್ಲಗೆ ಮರಳುವುದೇ ಚಿಕಿತ್ಸೆಯ ಮುಖ್ಯ ಭಾಗ. ಮೊದಲ ವಾರಗಳಲ್ಲಿ ನೋವು ಸ್ವಲ್ಪ ಏರಬಹುದು.

ಮನೆಯವರು ಪ್ರೀತಿಯಿಂದಲೇ ‘ನೀನು ಮುಟ್ಟಬೇಡ’ ಎನ್ನುತ್ತಾರೆ. ದಿನವಿಡೀ ಅದನ್ನೇ ಕೇಳಿದವರು ತಮ್ಮ ಬೆನ್ನು ಗಾಜಿನದೆಂದೇ ನಂಬುತ್ತಾರೆ. ಆ ತಾಯಿಯ ಮಗನಿಗೆ ನಾನು ಹೇಳಿದ್ದು ಇಷ್ಟೇ: ಬಕೆಟ್ಟಿಗೆ ಕಾಲುಭಾಗ ನೀರು ತುಂಬಿಸಿ, ಎತ್ತುವುದನ್ನು ಅವರಿಗೇ ಬಿಡಿ. ಮುಂದಿನ ವಾರ ಅರ್ಧ ತುಂಬಿಸಿ.