ಪದ ಪರಿಚಯ: ಡಬಲ್ಸ್ ಸ್ಪೆಷಲಿಸ್ಟ್

ಧಾರವಾಡದ ನಮ್ಮ ಓಣಿಯಲ್ಲಿ ಮುಂಜಾನೆ ಪೇಪರ್ ಮೊದಲು ಬರುವುದು ಕಾಕಾನ ಮನೆಗೆ. ಆಟದ ಪುಟ ಪೂರಾ ಓದಿ ಮುಗಿಸಿದ ಮೇಲೇ ಅದು ನಮ್ಮ ಕೈಗೆ ಸಿಗುತ್ತದೆ. ಒಂದಿನ ಕಟ್ಟೆ ಮೇಲೆ ಕೂತ ಕಾಕಾ ಚಹಾ ಪಕ್ಕಕ್ಕಿಟ್ಟು ಕೇಳಿದರು: "ಏನಪಾ, ಇಲ್ಲಿ ಡಬಲ್ಸ್ ತಜ್ಞೆ ಅಂತ ಬರದಾರ. ಈಕಿ ಡಾಕ್ಟರೇನು ಮತ್ತ?"

ತಜ್ಞೆ ಅಂದರೆ ಹಲ್ಲಿನವರು, ಕಿವಿಯವರು ನೆನಪಾಗೋದು ಸಹಜ. ಡಬಲ್ ಅಂದರೂ ನಮ್ಮ ಕಡೆ ಮೊದಲು ಕಣ್ಣಿಗೆ ಬರೋದು ಸೈಕಲ್ ಮೇಲಿನ ಡಬಲ್ ಸೀಟು. ಹಾಗಾಗಿ ಇಲ್ಲಿ ಸ್ಪೆಷಲಿಸ್ಟ್ ಅನ್ನೋ ಪದವನ್ನೇ ಇಟ್ಟುಕೊಳ್ಳುತ್ತೇನೆ. ಟೆನಿಸ್‌ನಲ್ಲಿ ಸಿಂಗಲ್ಸ್ ಪೂರ್ತಿ ಬಿಟ್ಟು, ಇಲ್ಲವೇ ಅದನ್ನು ಹಿಂದಕ್ಕಿಟ್ಟು, ಜೋಡಿ ಆಟದಿಂದಲೇ ಹೊಟ್ಟೆ ಹೊರೆಯುವ ಆಟಗಾರ್ತಿಗೆ ಈ ಹೆಸರು. ಸಿಂಗಲ್ಸ್ ತಾರೆಯೊಬ್ಬಳು ನಡುನಡುವೆ ಗೆಳತಿ ಜೊತೆ ಡಬಲ್ಸ್ ಆಡಿ ಕಪ್ ಗೆದ್ದರೂ ಅವಳನ್ನು ಹೀಗೆ ಕರೆಯೋದಿಲ್ಲ. ಅವಳ ಪ್ರವಾಸದ ಖರ್ಚು ಬೇರೆ ಕಡೆಯಿಂದ ಹುಟ್ಟುತ್ತದೆ.

ಇಷ್ಟು ಹೇಳಿದ್ದಕ್ಕೆ ಕಾಕಾ, "ಅಂದ್ರ ಒಬ್ಬಾಕೀನ ಆಡಿ ಗೆಲ್ಲಾಕ ಬರಂಗಿಲ್ಲ ಅಂದಂಗಾತು" ಅಂದರು. ಅರ್ಧ ನಿಜ. ಹೆಚ್ಚಿನವರು ಈ ಕಡೆ ಬರೋದು ಸಿಂಗಲ್ಸ್ ಕೈ ಕೊಟ್ಟ ಮೇಲೇ. ಆದರೆ ಬಂದ ಮೇಲೆ ಅವರು ಆಡುವ ಆಟವೇ ಬೇರೆ.

ಅಂಗಳದಿಂದಲೇ ಶುರು ಮಾಡೋಣ. ಸಿಂಗಲ್ಸ್‌ಗೆ ಅಂಗಳದ ಅಗಲ 27 ಅಡಿ, ಡಬಲ್ಸ್‌ಗೆ 36. ಎರಡೂ ಬದಿಗೆ ನಾಲ್ಕೂವರೆ ಅಡಿಯ ಪಟ್ಟಿ ಸೇರಿಕೊಳ್ಳುತ್ತದೆ. ಅಮೆರಿಕದವರು ಆ ಪಟ್ಟಿಗೆ ಓಣಿ ಅಂತಲೇ ಅನ್ನುತ್ತಾರೆ. ಅಗಲ ಹೆಚ್ಚಾಯಿತು, ಆದರೆ ಆಚೆ ನಿಂತವರೂ ಇಬ್ಬರಾದರು. ಒಬ್ಬಳು ನೆಟ್ ಹತ್ತಿರ ಕಾದು ನಿಂತಿರುತ್ತಾಳೆ. ಚೆಂಡು ಸ್ವಲ್ಪ ಎತ್ತರಕ್ಕೆ ಬಂತೋ, ಅಲ್ಲಿಗೆ ಮುಗೀತು. ಹಾಗಾಗಿ ಸಿಂಗಲ್ಸ್‌ನಲ್ಲಿ ನಡೆಯುವ ಹಿಂದೆ ನಿಂತು ಗುದ್ದುವ ಉದ್ದುದ್ದ ಆಟ ಇಲ್ಲಿ ಅಷ್ಟು ನಡೆಯೋದಿಲ್ಲ. ಸರ್ವಿಸನ್ನು ನೆಟ್ ಬಳಿ ನಿಂತವಳಿಗೆ ಸಿಗದ ಹಾಗೆ, ತಗ್ಗಾಗಿ, ಕೋನ ಹಿಡಿದು ವಾಪಸ್ ಕಳಿಸಬೇಕು. ಇಲ್ಲಾಂದ್ರೆ ಅವಳ ತಲೆ ಮೇಲಿಂದ ಎತ್ತಿ ಹಾಕಬೇಕು. ಇದನ್ನೇ ವರ್ಷಗಟ್ಟಲೆ ತಿದ್ದಿದವಳೇ ಸ್ಪೆಷಲಿಸ್ಟ್.

2023ರ ಅಕ್ಟೋಬರ್‌ನಲ್ಲಿ ಧಾರವಾಡದಲ್ಲಿ 25,000 ಡಾಲರ್ ಬಹುಮಾನದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿ ನಡೆದಿತ್ತು. ಪುರುಷರದ್ದು, ಆದರೆ ಜೋಡಿ ಆಟದ ಗುಟ್ಟು ಎಲ್ಲರಿಗೂ ಒಂದೇ. ನಾನು ಸರ್ವಿಸ್ ಮಾಡುವವನ ಹಿಂದುಗಡೆ ಕೂತಿದ್ದೆ. ನೆಟ್ ಬಳಿ ಬಗ್ಗಿ ನಿಂತವನ ಎಡಗೈ ಬೆನ್ನ ಹಿಂದೆ. ಮುಷ್ಟಿ ಬಿಗಿದರೆ ಇಲ್ಲೇ ನಿಲ್ತೇನೆ, ಅಂಗೈ ಬಿಚ್ಚಿದರೆ ಅಡ್ಡ ಹಾಯ್ತೇನೆ. ನಾಲ್ಕೈದು ಪಾಯಿಂಟ್ ಆದ ಮೇಲೆ ನನಗೆ ಹೊಳೆದದ್ದು ಇಷ್ಟು. ಪ್ರತಿ ಜೋಡಿಗೂ ಅದರದೇ ಸನ್ನೆ ಇರುತ್ತದೆ. ಅದೇ ಊರಲ್ಲಿ ಮುಂಜಾನೆ ಆಡುವ ರಿಟೈರ್ಡ್ ಮೇಷ್ಟ್ರು, ವಕೀಲರ ಡಬಲ್ಸ್ ನೋಡಿ. "ನಂದು, ನಂದು!" "ಬಿಡ್ರಿ, ನಂದು!" ಅಂತ ಇಬ್ಬರೂ ಕೂಗಿ, ಕೊನೆಗೆ ಇಬ್ಬರೂ ಬಿಟ್ಟು, ಚೆಂಡು ನಡುವೆ ಬಿದ್ದು ಮುಖ ಮುಖ ನೋಡಿಕೊಳ್ಳುತ್ತಾರೆ.

ಇನ್ನೊಂದು ಮಾತು. ಒಂದು ಸೆಟ್ ಶುರುವಾದ ಮೇಲೆ ಯಾರು ಬಲಬದಿಯಲ್ಲಿ, ಯಾರು ಎಡಬದಿಯಲ್ಲಿ ಸರ್ವಿಸ್ ಎದುರಿಸುತ್ತಾರೆ ಅನ್ನೋದನ್ನು ಆ ಸೆಟ್ ಮುಗಿಯುವ ತನಕ ಬದಲಿಸುವ ಹಾಗಿಲ್ಲ. ಹೀಗಾಗಿ ಅನೇಕರು ಇಡೀ ವೃತ್ತಿಯನ್ನೇ ಒಂದು ಬದಿಗೆ ಕಟ್ಟಿಕೊಳ್ಳುತ್ತಾರೆ. ಇದನ್ನು ಕಾಕಾಗೆ ವಿವರಿಸಲು ನಾನು ಕಷ್ಟಪಡಬೇಕಾಗಲಿಲ್ಲ. ಅವರು ಒಕ್ಕಲುತನದ ಮನೆಯವರು. ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಹೂಡಿದರೆ ಅದು ಹೇಗೆ ಮಿಸುಕಾಡುತ್ತದೆ ಅಂತ ನೋಡಿದವರು. ಜೋಡಿಯಲ್ಲಿ ಒಂದು ಎತ್ತು ಹೋದರೆ ಹಾವೇರಿ ದನದ ಸಂತೆಗೆ ಹೋಗಿ ಉಳಿದ ಎತ್ತಿಗೆ ಸರಿಹೊಂದುವಂಥದ್ದನ್ನೇ ಹುಡುಕಬೇಕು. ಎತ್ತರ, ನಡಿಗೆ, ಬದಿ, ಎಲ್ಲ ಕೂಡಬೇಕು.

ಡಬಲ್ಸ್ ಆಟಗಾರ್ತಿಯ ಹುಡುಕಾಟದಲ್ಲಿ ಇದರ ಜೊತೆ ಒಂದು ಲೆಕ್ಕವೂ ಸೇರುತ್ತದೆ. ರ‍್ಯಾಂಕಿಂಗ್ ಜೋಡಿಗಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ. ಟೂರ್ನಿಗೆ ಹೆಸರು ಕೊಡುವಾಗ ಇಬ್ಬರ ಅಂಕಿ ಕೂಡಿಸುತ್ತಾರೆ, ಮೊತ್ತ ಕಡಿಮೆ ಇದ್ದ ಜೋಡಿಗೆ ಮೊದಲು ಜಾಗ. ನೀವು 40, ಜೊತೆಗಾರ್ತಿ 60 ಅಂದುಕೊಳ್ಳಿ. ಒಟ್ಟು 100. ಅವಳು ಗಾಯ ಮಾಡಿಕೊಂಡಳು, ಸಿಕ್ಕ ಹೊಸಬಳದ್ದು 150. ಈಗ ಒಟ್ಟು 190. ನೀವು ಒಂದು ಸ್ಥಾನವೂ ಕೆಳಗಿಳಿದಿಲ್ಲ, ಆದರೂ ದೊಡ್ಡ ಟೂರ್ನಿಯ ಬಾಗಿಲು ಮುಚ್ಚಬಹುದು. ಅದರ ಮೇಲೆ, ಸಿಂಗಲ್ಸ್‌ನವರು ತಮ್ಮ ಸಿಂಗಲ್ಸ್ ರ‍್ಯಾಂಕಿಂಗ್ ತೋರಿಸಿಯೂ ಡಬಲ್ಸ್‌ಗೆ ನುಗ್ಗಬಹುದು. ಹಾಗಾಗಿ ಇವರ ಫೋನಿನಲ್ಲಿ "ಮುಂದಿನ ವಾರ ಖಾಲಿ ಇದ್ದೀಯಾ?" ಅನ್ನೋ ಮೆಸೇಜು ಜಾಸ್ತಿ ಅಂತ ಕಾಣುತ್ತದೆ.

ಸಾನಿಯಾ ಮಿರ್ಜಾ ದಾರಿ ನೋಡಿದರೆ ಇದೆಲ್ಲ ಸ್ಪಷ್ಟವಾಗುತ್ತದೆ. 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ಸ್ಥಾನ. ಅದು ಸಣ್ಣ ಮಾತಲ್ಲ. ಆಮೇಲೆ ಮಣಿಕಟ್ಟು, ಮೊಣಕಾಲಿನ ಸರ್ಜರಿಗಳು. 2013ರ ಹೊತ್ತಿಗೆ ಸಿಂಗಲ್ಸ್ ಬಿಟ್ಟರು. 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನ ನಂಬರ್ ಒನ್ ಆದರು, ಒಟ್ಟು 91 ವಾರ ಆ ಜಾಗದಲ್ಲಿದ್ದರು. ಜೊತೆಗಾರ್ತಿ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್. ಸಾನಿಯಾದು ಬೀಸು ಫೋರ್‌ಹ್ಯಾಂಡ್, ಹಿಂಗಿಸ್‌ದು ನೆಟ್ ಬಳಿಯ ಚುರುಕು ಕೈ. ಆ ವರ್ಷದ ವಿಂಬಲ್ಡನ್ ಫೈನಲ್‌ನಲ್ಲಿ ರಷ್ಯಾದ ಮಕರೋವಾ, ವೆಸ್ನಿನಾ ಎದುರು ಮೂರನೇ ಸೆಟ್‌ನಲ್ಲಿ 2-5. ಅಲ್ಲಿಂದ 5-5ಕ್ಕೆ ತಂದರು. ಬೆಳಕು ಕಡಿಮೆಯಾಗಿ ಮೇಲಿನ ಚಾವಣಿ ಮುಚ್ಚಿದರು. ಮತ್ತೆ ಬಂದು 7-5ಕ್ಕೆ ಮುಗಿಸಿದರು. ಮುಂದೆ ಯುಎಸ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್, ಸಾಲಾಗಿ 41 ಗೆಲುವು.

ನನಗೆ ಇದಕ್ಕಿಂತ ಮಜಾ ಅನ್ನಿಸೋದು ಇವರು ಬೇರೆಯಾದದ್ದು. 2016ರ ಆಗಸ್ಟ್‌ನಲ್ಲಿ ಜೋಡಿ ಮುರಿಯಿತು. ಇಬ್ಬರೂ ಆಗ ನಂಬರ್ ಒನ್ ಜಾಗ ಹಂಚಿಕೊಂಡಿದ್ದರು. ಆ ತಿಂಗಳೇ ಸಿನ್ಸಿನಾಟಿ ಫೈನಲ್‌ನಲ್ಲಿ ಸಾನಿಯಾ ಬಾರ್ಬೊರಾ ಸ್ಟ್ರಿಕೋವಾ ಜೊತೆ, ಹಿಂಗಿಸ್ ಕೊಕೊ ವಾಂಡೆವೇ ಜೊತೆ, ಎದುರುಬದುರು. ಸಾನಿಯಾ ಗೆದ್ದು ಒಬ್ಬರೇ ನಂಬರ್ ಒನ್ ಆದರು. ಸಂಸಾರ ಬೇರೆಯಾದರೂ ಹೊಲದ ಪಹಣಿಯಲ್ಲಿ ತಂತಮ್ಮ ಹೆಸರು ಇರುತ್ತದಲ್ಲ, ಹಾಗೆ.

ದುಡ್ಡಿನ ಮಾತು ಸ್ವಲ್ಪ ಕಹಿ. 2024ರ ವಿಂಬಲ್ಡನ್ ಸಿಂಗಲ್ಸ್ ಗೆದ್ದವರಿಗೆ 27 ಲಕ್ಷ ಪೌಂಡ್. ಡಬಲ್ಸ್ ಗೆದ್ದ ಜೋಡಿಗೆ 6.5 ಲಕ್ಷ, ಅದೂ ಇಬ್ಬರಿಗೆ ಕೂಡಿ. ತಲೆಗೆ ಹಾಕಿದರೆ ಎಂಟರಲ್ಲೊಂದು ಪಾಲು. ಆಟದ ಹೊತ್ತನ್ನೂ ಕತ್ತರಿಸಿದ್ದಾರೆ. ಗ್ರ್ಯಾಂಡ್‌ಸ್ಲಾಮ್ ಅನ್ನೋ ನಾಲ್ಕು ದೊಡ್ಡ ಟೂರ್ನಿ ಬಿಟ್ಟು ಉಳಿದವುಗಳಲ್ಲಿ ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ನ ಟೈಬ್ರೇಕ್. ಡ್ಯೂಸ್ (40-40 ಸಮ) ಆದರೆ ಮುಂದಿನ ಒಂದೇ ಪಾಯಿಂಟಿಗೆ ಗೇಮ್ ತೀರ್ಮಾನ.

2025ರಲ್ಲಿ ಯುಎಸ್ ಓಪನ್‌ನವರು ಗಂಡು-ಹೆಣ್ಣು ಜೋಡಿಯ ಮಿಶ್ರ ಡಬಲ್ಸನ್ನೇ ಬದಲಿಸಿದರು. 16 ಜೋಡಿ, ಎರಡೇ ದಿನ, ಹೆಚ್ಚಾಗಿ ಸಿಂಗಲ್ಸ್ ತಾರೆಯರಿಗೇ ಜಾಗ. ಡಬಲ್ಸ್‌ನವರು ಸಿಟ್ಟಾದರು. ಹಿಂದಿನ ವರ್ಷ ಗೆದ್ದಿದ್ದ ಇಟಲಿಯ ಸಾರಾ ಎರ್ರಾನಿ, ಆಂಡ್ರಿಯಾ ವವಸ್ಸೋರಿಗೆ ವೈಲ್ಡ್ ಕಾರ್ಡ್, ಅಂದರೆ ಆಯೋಜಕರೇ ಕೊಡುವ ನೇರ ಪ್ರವೇಶ, ಸಿಕ್ಕಿತು. ಎರ್ರಾನಿಗೆ ಆಗ 38 ವರ್ಷ, ಎತ್ತರ ಐದೂಕಾಲಡಿಯ ಮೇಲೆ ಸ್ವಲ್ಪ. 2012ರಲ್ಲಿ ಫ್ರೆಂಚ್ ಓಪನ್ ಸಿಂಗಲ್ಸ್ ಫೈನಲ್ ಆಡಿದವರು, ಸರ್ವಿಸ್ ಮಾತ್ರ ಯಾವತ್ತೂ ಮೆಲ್ಲಗೆ. ಫೈನಲ್‌ನಲ್ಲಿ ಇವರು ಸೋಲಿಸಿದ್ದು ಸಿಂಗಲ್ಸ್ ತಾರೆಯರಾದ ಇಗಾ ಶ್ವಿಯಾಂಟೆಕ್, ಕ್ಯಾಸ್ಪರ್ ರೂಡ್ ಜೋಡಿಯನ್ನು.

ಕಾಕಾಗೆ ಈ ಕತೆ ಬಹಳ ಹಿಡಿಸಿತು. "ಬಹುಮಾನ ಎಷ್ಟಪಾ?"

"ಒಂದು ಮಿಲಿಯನ್ ಡಾಲರ್. ಹತ್ತು ಲಕ್ಷ ರೀ, ಕಾಕಾ."

"ಇಬ್ಬರಿಗೂ ಕೂಡೇನು?"

"ಕೂಡೇ."

"ಹಂಗಾದ್ರ ಐದಾತು" ಅಂದು ಪೇಪರಿನ ಪುಟ ತಿರುವಿ ಡಾಲರ್ ರೇಟ್ ಹುಡುಕತೊಡಗಿದರು.